ಡೆಂಟಲ್ ವಿದ್ಯಾರ್ಥಿಗಳ ಬಗ್ಗೆ ಸಂಶೋಧನೆ ಮಾಡುವುದು ಹೇಗೆ: ಪ್ರಶ್ನೆಯಿಂದ ಪೇಪರ್‌ವರೆಗೆ ಸಮಗ್ರ ಮಾರ್ಗದರ್ಶಿ

"ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಹತ್ತಿರ ಹೋಗುವಾಗ ಗ್ಲೋವ್ಸ್ ಬದಲಾಯಿಸುತ್ತೀರಾ?" ಅಂತ ಡೆಂಟಲ್ ವಿದ್ಯಾರ್ಥಿಗಳಿಗೆ ಒಂದು ಫಾರ್ಮ್ ಹಂಚಿ ನೋಡಿ. ಹೆಚ್ಚುಕಮ್ಮಿ ಎಲ್ಲರೂ "ಹೌದು" ಅಂತಲೇ ಗುರುತು ಹಾಕುತ್ತಾರೆ. ಆಮೇಲೆ ಕ್ಲಿನಿಕ್‌ನ ಒಂದು ಮೂಲೆಯಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ಗಮನಿಸಿ. ಈಗಷ್ಟೇ ಬಾಯಿಯೊಳಗಿದ್ದ ಗ್ಲೋವ್ಸ್ ಕೈ ಲೈಟಿನ ಹಿಡಿ ಎಳೆಯುತ್ತದೆ, ಡ್ರಾಯರ್ ತೆಗೆಯುತ್ತದೆ, ಕೇಸ್ ಶೀಟ್ ತಿರುವುತ್ತದೆ. ಒಮ್ಮೊಮ್ಮೆ ಮೊಬೈಲನ್ನೂ ಮುಟ್ಟುತ್ತದೆ. ಫಾರ್ಮ್ ತುಂಬಿದವರು ಸುಳ್ಳು ಹೇಳಿದರು ಅಂತ ಹೇಳಲಾಗದು. ನೀವು ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರಿಸಿದ್ದಾರೆ. ನಿಮಗೆ ಬೇಕಾಗಿದ್ದನ್ನು ನೀವು ಕೇಳಿಲ್ಲ, ಅಷ್ಟೆ.

ವಿದ್ಯಾರ್ಥಿಗಳ ತರಬೇತಿ, ಕೈಚಳಕ, ಮನೋಭಾವದ ಬಗ್ಗೆ ಬರುವ ಸಂಶೋಧನೆಗಳು ಜಾಸ್ತಿ ಎಡವುವುದು ಇಲ್ಲಿಯೇ. ಪಿಜಿ ಥೀಸಿಸ್‌ಗೆ ವಿಷಯ ಹುಡುಕುತ್ತಿದ್ದರೂ, ಇಂಟರ್ನ್‌ಶಿಪ್‌ನಲ್ಲಿ ಸಣ್ಣ ಪ್ರಾಜೆಕ್ಟ್ ಮಾಡುತ್ತಿದ್ದರೂ, ಪಾಠ ಮಾಡುವವರೇ ಆಗಿದ್ದರೂ ಕೆಳಗಿನ ಹೆಜ್ಜೆಗಳು ಒಂದೇ.

ಹೆಜ್ಜೆ 1: ಏನನ್ನು ಅಳೆಯುತ್ತೀರಿ ಅಂತ ಮೊದಲು ತೀರ್ಮಾನಿಸಿ

ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣ ತಜ್ಞರು 1990ರಲ್ಲಿ ಒಂದು ಪಿರಮಿಡ್ ಬರೆದು ತೋರಿಸಿದರು. ತಳದಲ್ಲಿ "ಗೊತ್ತಿದೆ". ಅದರ ಮೇಲೆ "ಹೇಗೆ ಮಾಡುವುದು ಅಂತ ಗೊತ್ತಿದೆ". ಅದರ ಮೇಲೆ "ಮಾಡಿ ತೋರಿಸುತ್ತಾರೆ". ತುದಿಯಲ್ಲಿ "ದಿನನಿತ್ಯ ಮಾಡುತ್ತಾರೆ". ನಿಮ್ಮ ಪ್ರಶ್ನೆ ಈ ನಾಲ್ಕರಲ್ಲಿ ಯಾವ ಮಟ್ಟದ್ದು ಅಂತ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮನೋಭಾವ ಈ ಪಿರಮಿಡ್‌ನ ಒಳಗೆ ಬರುವುದಿಲ್ಲ, ಅದು ಪಕ್ಕದಲ್ಲಿ ನಿಲ್ಲುವ ಬೇರೆಯೇ ವಿಷಯ.

ಗೊತ್ತಿದೆಯಾ ಅಂತ ನೋಡಲು ಪ್ರಶ್ನೆಪತ್ರಿಕೆ ಸಾಕು. ಮಾಡಿ ತೋರಿಸಬಲ್ಲರಾ ಅಂತ ತಿಳಿಯಲು ಟೈಪೋಡಾಂಟ್ (ಅಭ್ಯಾಸಕ್ಕೆ ಬಳಸುವ ಕೃತಕ ದವಡೆ) ಹಲ್ಲು, ಫ್ಯಾಂಟಮ್ ಹೆಡ್ (ರೋಗಿಯ ತಲೆಯಂಥ ಮಾದರಿ), ಇಲ್ಲವೇ ಓಸ್ಕಿ ಬೇಕು. ಓಸ್ಕಿ ಅಂದರೆ ಬೇರೆ ಬೇರೆ ಸ್ಟೇಷನ್‌ಗಳಲ್ಲಿ ನಿಗದಿತ ಸಮಯದೊಳಗೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಇದನ್ನು ಪರಿಚಯಿಸಿದರು. ದಿನನಿತ್ಯ ಏನು ಮಾಡುತ್ತಾರೆ ಅಂತ ತಿಳಿಯಬೇಕಾದರೆ ಕ್ಲಿನಿಕ್‌ನಲ್ಲಿ ನೋಡಬೇಕು, ಅಥವಾ ಕೇಸ್ ಶೀಟ್‌ಗಳನ್ನು ತೆಗೆದು ಓದಬೇಕು. ಬೇರೆ ಅಡ್ಡದಾರಿ ಇಲ್ಲ.

ಆಮೇಲೆ ವಿಷಯವನ್ನು ಚಿಕ್ಕದು ಮಾಡಿ. "ಸೋಂಕು ನಿಯಂತ್ರಣದ ಅರಿವು" ಅನ್ನುವುದು ತುಂಬಾ ದೊಡ್ಡ ಮೂಟೆ. "ಕ್ಲಿನಿಕಲ್ ಪೋಸ್ಟಿಂಗ್‌ನ ಮೊದಲ ಮೂರು ತಿಂಗಳಲ್ಲಿ, ಚಿಕಿತ್ಸೆಯ ನಡುವೆ ವಿದ್ಯಾರ್ಥಿಗಳು ಗ್ಲೋವ್ಸ್ ಕೈಯಿಂದ ಏನೇನು ಮುಟ್ಟುತ್ತಾರೆ?" ಅನ್ನುವುದು ಹಿಡಿತಕ್ಕೆ ಸಿಗುವ ಪ್ರಶ್ನೆ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಈ ಉತ್ತರ ಸಿಕ್ಕರೆ ಯಾರು ಏನನ್ನು ಬದಲಾಯಿಸುತ್ತಾರೆ? ಅದಕ್ಕೆ ಉತ್ತರ ಹೊಳೆಯದಿದ್ದರೆ ವಿಷಯ ಬಿಟ್ಟುಬಿಡಿ.

ಹೆಜ್ಜೆ 2: ಇರುವ ಅಳತೆಗೋಲನ್ನು ಮೊದಲು ಹುಡುಕಿ

ಹೊಸ ಪ್ರಶ್ನಾವಳಿ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಸ್ವಲ್ಪ ತಡೆಯಿರಿ. ವಿದ್ಯಾರ್ಥಿಗಳು ತಮ್ಮ ಬಾಯಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಹಿರೋಷಿಮಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಶ್ನಾವಳಿ ಇದೆ. 20 ಹೇಳಿಕೆಗಳು, ಒಪ್ಪುತ್ತೇನೆ ಅಥವಾ ಇಲ್ಲ. ಅದರಲ್ಲಿ 12 ಹೇಳಿಕೆಗಳಿಗೆ ಮಾತ್ರ ಅಂಕ. ಕಾಲೇಜಿನ ಕಲಿಕೆಯ ವಾತಾವರಣ ಹೇಗಿದೆ ಅಂತ ನೋಡಲು 1997ರಲ್ಲಿ ಬಂದ ಡ್ರೀಮ್ ಎಂಬ ಪ್ರಶ್ನಾವಳಿ ಇದೆ. ಇದರಲ್ಲಿ 50 ಹೇಳಿಕೆಗಳು, ಒಟ್ಟು 200 ಅಂಕ. ಅನುಭೂತಿಗೆ, ಅಂದರೆ ರೋಗಿಯ ಜಾಗದಲ್ಲಿ ನಿಂತು ಯೋಚಿಸುವ ಗುಣಕ್ಕೆ, ಜೆಫರ್ಸನ್ ಸ್ಕೇಲ್ ಇದೆ. ಇದರಲ್ಲಿ 20 ಹೇಳಿಕೆಗಳು, ಗರಿಷ್ಠ 140 ಅಂಕ. ಡೆಂಟಲ್ ವಿದ್ಯಾರ್ಥಿಗಳ ಒತ್ತಡಕ್ಕೆಂದೇ 1980ರಿಂದ ಬಳಕೆಯಲ್ಲಿರುವ ಪ್ರಶ್ನಾವಳಿಯೂ ಇದೆ.

ಇವನ್ನು ಬಳಸಿದರೆ ನಿಮ್ಮ ಫಲಿತಾಂಶವನ್ನು ಬೇರೆ ಕಡೆಯ ಫಲಿತಾಂಶದ ಜೊತೆ ಹೋಲಿಸಬಹುದು. ಕೆಲವಕ್ಕೆ ಅನುಮತಿ ಬೇಕು, ಅದನ್ನು ಮೊದಲೇ ಕೇಳಿ. ಬೇರೆ ಭಾಷೆಗೆ ತರುವುದಾದರೆ ಒಬ್ಬರು ಅನುವಾದ ಮಾಡಬೇಕು. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ತಿರುಗಿಸಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಥ ಎಲ್ಲಿ ಜಾರಿದೆ ಅಂತ ಕಣ್ಣಿಗೆ ಬೀಳುತ್ತದೆ.

ಹಿಂದಿನ ಕೆಲಸ ಓದಲು ಪಬ್‌ಮೆಡ್ ಎಂಬ ಆನ್‌ಲೈನ್ ಪೇಪರ್ ಭಂಡಾರದ ಜೊತೆಗೆ ಜರ್ನಲ್ ಆಫ್ ಡೆಂಟಲ್ ಎಜುಕೇಶನ್ ಮತ್ತು ಯುರೋಪಿಯನ್ ಜರ್ನಲ್ ಆಫ್ ಡೆಂಟಲ್ ಎಜುಕೇಶನ್ ಇವೆರಡನ್ನು ತಪ್ಪದೆ ನೋಡಿ.

ಹೆಜ್ಜೆ 3: ವಿನ್ಯಾಸ, ಮತ್ತು ಅದರೊಳಗಿನ ಹಳ್ಳಗಳು

ಅತಿ ಸಾಮಾನ್ಯ ವಿನ್ಯಾಸ ಹೀಗಿರುತ್ತದೆ: ಒಂದೇ ವಾರದಲ್ಲಿ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಎಲ್ಲರಿಗೂ ಫಾರ್ಮ್ ಕೊಡುವುದು. ಕೊನೆಯ ವರ್ಷದವರ ಅಂಕ ಕಡಿಮೆ ಬಂತು ಅಂದುಕೊಳ್ಳಿ. "ಓದು ಮುಂದುವರಿದಂತೆ ಅನುಭೂತಿ ಕುಸಿಯುತ್ತದೆ" ಅಂತ ಬರೆದುಬಿಡುತ್ತಾರೆ. ಆದರೆ ಇಲ್ಲಿ ಯಾರೂ ಕುಸಿದದ್ದನ್ನು ನೀವು ನೋಡಿಲ್ಲ. ಅವರು ಬೇರೆ ಜನ, ಇವರು ಬೇರೆ ಜನ. ಆ ಬ್ಯಾಚ್ ಪ್ರವೇಶ ಪಡೆದ ವರ್ಷವೇ ಬೇರೆ, ಅವರಿಗೆ ಪಾಠ ಮಾಡಿದವರೇ ಬೇರೆ ಇರಬಹುದು. ಕುಸಿತ ಅನ್ನಬೇಕಾದರೆ ಅದೇ ಬ್ಯಾಚನ್ನು ವರ್ಷ ವರ್ಷ ಹಿಂಬಾಲಿಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಪರವಾಗಿಲ್ಲ, "ವರ್ಷಗಳ ನಡುವೆ ವ್ಯತ್ಯಾಸ ಕಂಡಿತು" ಅಂತ ಬರೆಯಿರಿ.

ಎರಡನೆಯ ಹಳ್ಳ: ತರಬೇತಿಗೆ ಮೊದಲು ಒಂದು ಪರೀಕ್ಷೆ, ಆಮೇಲೆ ಒಂದು ಪರೀಕ್ಷೆ, ಅಂಕ ಏರಿತು, ತರಬೇತಿ ಗೆದ್ದಿತು. ವಿದ್ಯಾರ್ಥಿಗಳು ನಿಮ್ಮ ತರಬೇತಿ ಇಲ್ಲದಿದ್ದರೂ ಆ ಆರು ವಾರಗಳಲ್ಲಿ ಕಲಿಯುತ್ತಿದ್ದರು, ಅಲ್ವಾ? ಒಂದೇ ಪ್ರಶ್ನೆಪತ್ರಿಕೆಯನ್ನು ಎರಡನೇ ಸಲ ಬರೆದರೂ ಅಂಕ ಏರುತ್ತದೆ. ಹೋಲಿಸಲು ಇನ್ನೊಂದು ಗುಂಪು ಬೇಕು.

ಹಾಗಂತ ಅರ್ಧ ಜನರಿಗೆ ತರಬೇತಿಯನ್ನೇ ಕೊಡದಿರುವುದು ನ್ಯಾಯವಲ್ಲ. ಅದಕ್ಕೆ ಅದಲುಬದಲು ವಿನ್ಯಾಸ ಒಳ್ಳೆಯದು. ಚೀಟಿ ಎತ್ತಿ ಎರಡು ಗುಂಪು ಮಾಡಿ. ಮೊದಲ ಗುಂಪು ಈಗ ಸಿಮ್ಯುಲೇಟರ್ ಮೇಲೆ ಅಭ್ಯಾಸ ಮಾಡಲಿ, ಎರಡನೆಯದು ಟೈಪೋಡಾಂಟ್ ಮೇಲೆ. ಅಳತೆ ಮುಗಿದ ಮೇಲೆ ಅದಲುಬದಲು ಮಾಡಿ. ಕೊನೆಗೆ ಎಲ್ಲರಿಗೂ ಎರಡೂ ಸಿಕ್ಕಿರುತ್ತದೆ. ಒಂದು ಮಾತು ನೆನಪಿರಲಿ: ಒಮ್ಮೆ ಬಂದ ಕೈಚಳಕ ಅಳಿಸಿ ಹೋಗುವುದಿಲ್ಲ. ಆದ್ದರಿಂದ ಗುಂಪುಗಳ ಹೋಲಿಕೆಗೆ ಅದಲುಬದಲಿಗೆ ಮುಂಚಿನ ಅಳತೆಯನ್ನೇ ಮುಖ್ಯವಾಗಿ ನೆಚ್ಚಿಕೊಳ್ಳಿ. ಗುಂಪುಗಳ ನಡುವೆ ಗೋಡೆ ಇರುತ್ತದೆ ಅಂತಲೂ ನಂಬಬೇಡಿ. ನೀವು ಮಧ್ಯಾಹ್ನ ಒಂದು ಗುಂಪಿಗೆ ತೋರಿಸಿದ ವಿಡಿಯೋ ರಾತ್ರಿ ಹಾಸ್ಟೆಲ್‌ನಲ್ಲಿ ಇನ್ನೊಂದು ಗುಂಪಿನ ಫೋನಿನಲ್ಲಿ ಇರುತ್ತದೆ.

ಹೆಜ್ಜೆ 4: ಎಷ್ಟು ಜನ ಬೇಕು?

384 ಎಂಬ ಸಂಖ್ಯೆಯನ್ನು ನೀವು ನೂರಾರು ಪೇಪರ್‌ಗಳಲ್ಲಿ ನೋಡಿರುತ್ತೀರಿ. ಅದು ಬಂದದ್ದು ಹೀಗೆ: 1.96ರ ವರ್ಗವನ್ನು 0.5ರಿಂದ, ಮತ್ತೆ 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿ. ದೊಡ್ಡ ಜನಸಮೂಹದಲ್ಲಿ ಶೇಕಡ ಎಷ್ಟು ಜನ ಹೀಗೆ ಅಂತ, ಆಚೀಚೆ 5ರಷ್ಟು ತಪ್ಪಿನೊಳಗೆ ತಿಳಿಯಲು ಇದು ಸರಿ. ಆದರೆ ನಿಮ್ಮ ಕಾಲೇಜಿನಲ್ಲಿ ಇರುವುದೇ 400 ವಿದ್ಯಾರ್ಥಿಗಳಾದರೆ 197 ಜನ ಸಾಕು, 100 ಜನ ಇದ್ದರೆ 80. ಅಷ್ಟು ಚಿಕ್ಕ ಬ್ಯಾಚ್ ಆದಾಗ ಎಲ್ಲರನ್ನೂ ಕೇಳಿಬಿಡುವುದೇ ನೆಟ್ಟಗಿರುತ್ತದೆ.

ಎರಡು ಗುಂಪು ಹೋಲಿಸುವ ಅಧ್ಯಯನಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಮಧ್ಯಮ ಗಾತ್ರದ ವ್ಯತ್ಯಾಸ, ಅಂದರೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಹಿಡಿಯಬೇಕಾದರೆ ಶೇ. 80 ಪವರ್‌ನಲ್ಲಿ, ಅಂದರೆ ನಿಜವಾದ ವ್ಯತ್ಯಾಸ ಸಿಗುವ ಸಾಧ್ಯತೆ ಶೇ. 80 ಇರುವಂತೆ, ಪ್ರತಿ ಗುಂಪಿಗೆ 64 ಜನ ಬೇಕು. ಹದಿನೈದು ಹದಿನೈದು ಜನರನ್ನು ಹೋಲಿಸಿ "ವ್ಯತ್ಯಾಸ ಇಲ್ಲ" ಅಂತ ಬರೆಯುವವರು ಇದನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಹೆಜ್ಜೆ 5: ಪ್ರಶ್ನೆ ಬರೆಯುವುದು

ಇಲ್ಲಿ ಸಮಯ ಹಾಕಿ. ಉಳಿದದ್ದನ್ನೆಲ್ಲ ಆಮೇಲೆ ಸರಿ ಮಾಡಬಹುದು, ಕೆಟ್ಟ ಪ್ರಶ್ನೆಗೆ ಬಂದ ಉತ್ತರವನ್ನು ಸರಿ ಮಾಡಲಾಗುವುದಿಲ್ಲ.

"ಭಯಪಡುವ ಮಕ್ಕಳಿಗೆ ಮತ್ತು ವಿಶೇಷ ಅಗತ್ಯವಿರುವವರಿಗೆ ಚಿಕಿತ್ಸೆ ಕೊಡಲು ನನಗೆ ಧೈರ್ಯವಿದೆ." ಇದು ಎರಡು ಪ್ರಶ್ನೆ. ಅಳುವ ಮಗುವನ್ನು ಸಲೀಸಾಗಿ ಸಂಭಾಳಿಸುವ ವಿದ್ಯಾರ್ಥಿನಿ, ಸೆರೆಬ್ರಲ್ ಪಾಲ್ಸಿ ಇರುವ ವ್ಯಕ್ತಿ ಕುರ್ಚಿಗೆ ಬಂದಾಗ ತಡವರಿಸಬಹುದು. ಅವಳು ಯಾವ ಚೌಕಕ್ಕೆ ಗುರುತು ಹಾಕಬೇಕು?

"ರೋಗಿಗೆ ಚಿಕಿತ್ಸೆಯನ್ನು ವಿವರಿಸುವುದು ಮುಖ್ಯ ಎಂದು ನೀವು ಒಪ್ಪುತ್ತೀರಾ?" ಇದಕ್ಕೆ ಇಲ್ಲ ಅನ್ನುವವರು ಯಾರಿದ್ದಾರೆ? ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ಏನನ್ನೂ ಅಳೆಯುವುದಿಲ್ಲ. ಅದರ ಬದಲು ಹೀಗೆ ಕೇಳಿ: "ನೀವು ಕೊನೆಯದಾಗಿ ರೂಟ್ ಕೆನಾಲ್ ಮಾಡಿದ ರೋಗಿಗೆ, ಹಲ್ಲು ಕೀಳಿಸುವುದೂ ಒಂದು ಆಯ್ಕೆ ಅಂತ ಹೇಳಿದ್ದಿರಾ?" ಒಂದು ಗೊತ್ತಾದ ಘಟನೆ, ಹತ್ತಿರದ ಕಾಲ. "ಸಾಮಾನ್ಯವಾಗಿ", "ಯಾವಾಗಲೂ" ಅಂತ ಕೇಳಿದರೆ ಜನ ತಾವು ಹೇಗಿರಬೇಕು ಅನ್ನುವುದನ್ನು ಬರೆಯುತ್ತಾರೆ. "ಕಳೆದ ವಾರ" ಅಂದರೆ ನೆನಪಿಸಿಕೊಂಡು ಬರೆಯುತ್ತಾರೆ.

ನಾಚಿಕೆಯಾಗುವ ವಿಷಯವಾದರೆ ಮುಂಚೆಯೇ ಸ್ವಲ್ಪ ದಾರಿ ಬಿಡಿ: "ಕೋಟಾ ಮುಗಿಸುವ ಗಡಿಬಿಡಿಯಲ್ಲಿ ಕೆಲವೊಮ್ಮೆ ರೋಗಿಯ ಅಗತ್ಯಕ್ಕಿಂತ ನಮ್ಮ ಕೇಸ್ ಮುಖ್ಯವಾಗಿಬಿಡುತ್ತದೆ. ಈ ಪೋಸ್ಟಿಂಗ್‌ನಲ್ಲಿ ನಿಮಗೆ ಎಷ್ಟು ಸಲ ಹೀಗಾಯಿತು?" ಕೋಟಾ ಅಂದರೆ ಪೋಸ್ಟಿಂಗ್‌ನಲ್ಲಿ ಮುಗಿಸಲೇಬೇಕಾದ ಕೇಸ್‌ಗಳ ಸಂಖ್ಯೆ. ಅದರ ಒತ್ತಡ ಗೊತ್ತಿರುವ ಯಾರಾದರೂ ಇದಕ್ಕೆ ನಿಜ ಹೇಳುವ ಸಂಭವ ಜಾಸ್ತಿ.

ಮನೋಭಾವಕ್ಕೆ ಐದು ಮೆಟ್ಟಿಲಿನ ಉತ್ತರ, ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಪೂರ್ತಿ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ, ರೆನ್ಸಿಸ್ ಲೈಕರ್ಟ್ 1932ರಲ್ಲಿ ತಂದ ಪದ್ಧತಿ. ಕೆಲವು ಹೇಳಿಕೆಗಳನ್ನು ತಿರುಗಿಸಿ ಬರೆಯಿರಿ. ಓದದೆ ಒಂದೇ ಸಾಲಿನಲ್ಲಿ ಗುರುತು ಹಾಕಿದವರು ಸಿಕ್ಕಿಬೀಳುತ್ತಾರೆ. ಜ್ಞಾನದ ಪ್ರಶ್ನೆಗೆ "ಗೊತ್ತಿಲ್ಲ" ಎಂಬ ಆಯ್ಕೆ ಇರಲಿ, ಇಲ್ಲದಿದ್ದರೆ ಅಂದಾಜಿನ ಉತ್ತರವೂ ಜ್ಞಾನದ ಲೆಕ್ಕಕ್ಕೆ ಬರುತ್ತದೆ.

ಬರೆದಾದ ಮೇಲೆ ತಜ್ಞರಿಗೆ ತೋರಿಸಿ. ಲಾಶೆ ಎಂಬ ಸಂಶೋಧಕರು 1975ರಲ್ಲಿ ಕೊಟ್ಟ ಲೆಕ್ಕ ಸುಲಭ: "ಈ ಪ್ರಶ್ನೆ ಇರಲೇಬೇಕು" ಅಂದವರ ಸಂಖ್ಯೆಯಿಂದ ಒಟ್ಟು ತಜ್ಞರ ಅರ್ಧವನ್ನು ಕಳೆಯಿರಿ, ಅದೇ ಅರ್ಧದಿಂದ ಭಾಗಿಸಿ. ಹತ್ತು ಜನರಲ್ಲಿ ಎಂಟು ಜನ ಇರಲಿ ಅಂದರೆ 0.60. ಹತ್ತು ತಜ್ಞರಿದ್ದಾಗ ಲಾಶೆಯವರ ಪಟ್ಟಿ ಕೇಳುವ ಕನಿಷ್ಠ 0.62. ಅಂದರೆ ಎಂಟು ಜನ ಒಪ್ಪಿದರೂ ಆ ಪ್ರಶ್ನೆ ಪಾಸಾಗುವುದಿಲ್ಲ.

ತಜ್ಞರಿಗಿಂತ ಜಾಸ್ತಿ ಕಲಿಸುವವರು ವಿದ್ಯಾರ್ಥಿಗಳು. ಐದಾರು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆಯನ್ನು ಓದಿ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಕೇಳಿ. ನಾನು ಒಮ್ಮೆ "ಮೇಲ್ವಿಚಾರಣೆ ಸಾಕಷ್ಟಿದೆಯೇ" ಅಂತ ಬರೆದಿದ್ದೆ. ಒಬ್ಬ ವಿದ್ಯಾರ್ಥಿ ಅದನ್ನು "ಸರ್ ಪಕ್ಕದಲ್ಲೇ ನಿಂತು ಬೈಯುತ್ತಾರಾ" ಅಂತ ಅರ್ಥ ಮಾಡಿಕೊಂಡು "ಸಾಕಷ್ಟಿದೆ, ಸಾಕಾಗಿದೆ" ಅಂದ. ಪ್ರಶ್ನೆ ಅವತ್ತೇ ಬದಲಾಯಿತು.

ಕೊನೆಗೆ ಕ್ರಾನ್‌ಬಾಕ್ ಆಲ್ಫಾ. 0.7 ದಾಟಿದರೆ ಒಂದೇ ವಿಷಯದ ಹೇಳಿಕೆಗಳು ಒಟ್ಟಿಗೆ ಸಾಗುತ್ತಿವೆ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. 0.95 ದಾಟಿದರೆ ಖುಷಿಪಡಬೇಡಿ, ಬಹುಶಃ ಒಂದೇ ಪ್ರಶ್ನೆಯನ್ನು ಹತ್ತು ಥರ ಕೇಳಿದ್ದೀರಿ. ಜ್ಞಾನ, ಮನೋಭಾವ, ರೂಢಿ ಮೂರನ್ನೂ ಸೇರಿಸಿ ಒಂದೇ ಆಲ್ಫಾ ಕೊಡಬೇಡಿ. ಎರಡು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೊಟ್ಟು ನೋಡುವುದೂ ಒಳ್ಳೆಯ ಅಭ್ಯಾಸ.

ಹೆಜ್ಜೆ 6: ಕೈಚಳಕವನ್ನು ಅಳೆಯುವುದು

ಕ್ರೌನ್ ಪ್ರಿಪರೇಷನ್, ಅಂದರೆ ಕ್ಯಾಪ್ ಕೂರಿಸಲು ಹಲ್ಲನ್ನು ಕೆತ್ತುವುದನ್ನೇ ತೆಗೆದುಕೊಳ್ಳಿ. ಹಲ್ಲಿನ ಗೋಡೆಗಳು ಎಷ್ಟು ಓರೆಯಾಗಿವೆ ಎಂಬ ಟೇಪರ್ ಕೋನವನ್ನು ಸ್ಕ್ಯಾನ್ ಅಥವಾ ಫೋಟೋದಿಂದ ಡಿಗ್ರಿಯಲ್ಲಿ ಅಳೆಯಬಹುದು. ಹಳೆಯ ಪಠ್ಯಗಳು 6 ಡಿಗ್ರಿ ಅನ್ನುತ್ತಿದ್ದವು. ಕೈಗೆ ಅಷ್ಟು ಸುಲಭಕ್ಕೆ ದಕ್ಕದ ಕಾರಣ, 2001ರ ಒಂದು ಪ್ರಸಿದ್ಧ ವಿಮರ್ಶೆ ಎರಡೂ ಗೋಡೆ ಸೇರಿ 10ರಿಂದ 20 ಡಿಗ್ರಿ ಇರಲಿ ಅಂತ ಸಲಹೆ ಕೊಟ್ಟಿತು. ಸಂಖ್ಯೆಯಲ್ಲಿ ಸಿಗುವ ಅಳತೆ ಇರುವಾಗ ಅದನ್ನು ಬಳಸಿ.

ಸಂಖ್ಯೆ ಸಿಗದ ಕಡೆ, ಅಂದರೆ ಫಿನಿಶ್ ಲೈನ್ (ಕೆತ್ತಿದ ಭಾಗ ಮುಗಿಯುವ ಗೆರೆ) ನಯವಾಗಿದೆಯಾ, ಪಕ್ಕದ ಹಲ್ಲಿಗೆ ಏಟು ಬಿದ್ದಿದೆಯಾ ಅನ್ನುವಲ್ಲಿ, ಇಬ್ಬರು ಪರೀಕ್ಷಕರು ಬೇಕು. ಹಲ್ಲುಗಳ ಮೇಲೆ ಹೆಸರು ಬೇಡ, ಕೋಡ್ ಸಾಕು. ಯಾವುದು ತರಬೇತಿಗೆ ಮುಂಚಿನದು, ಯಾವುದು ಆಮೇಲಿನದು ಅಂತ ಪರೀಕ್ಷಕರಿಗೆ ತಿಳಿಯಬಾರದು. ಶುರುವಿಗೆ ಮೊದಲು ಹತ್ತಿಪ್ಪತ್ತು ಹಲ್ಲುಗಳನ್ನು ಇಬ್ಬರೂ ಒಟ್ಟಿಗೆ ನೋಡಿ ಜಗಳವಾಡಿ ಒಂದು ಒಮ್ಮತಕ್ಕೆ ಬರಲಿ. ನಡುವೆ ಗುಟ್ಟಾಗಿ ಕೆಲವು ಹಲ್ಲುಗಳನ್ನು ಎರಡನೇ ಸಲ ಸೇರಿಸಿಡಿ. ಬೆಳಿಗ್ಗೆ 8 ಅಂಕ ಪಡೆದ ಹಲ್ಲು ಸಂಜೆ 6 ಪಡೆದರೆ ಪರೀಕ್ಷಕರ ದಣಿವು ಎಷ್ಟು ಅಂತ ಗೊತ್ತಾಗುತ್ತದೆ.

ಇಬ್ಬರ ಹೊಂದಾಣಿಕೆಯನ್ನು ಬರೀ ಶೇಕಡಾದಲ್ಲಿ ಹೇಳಬೇಡಿ. ಒಂದು ಲೆಕ್ಕ ನೋಡಿ. 100 ಹಲ್ಲುಗಳಲ್ಲಿ ಇಬ್ಬರೂ ತಲಾ 90 ಪಾಸ್ ಮಾಡಿದರು. ಇಬ್ಬರೂ ಪಾಸ್ ಅಂದದ್ದು 82, ಇಬ್ಬರೂ ಫೇಲ್ ಅಂದದ್ದು 2. ಹೊಂದಾಣಿಕೆ ಶೇ. 84, ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಕಣ್ಣುಮುಚ್ಚಿ 90 ಪಾಸ್ ಮಾಡಿದ್ದರೂ ಶೇ. 82 ಹೊಂದಾಣಿಕೆ ಬರುತ್ತಿತ್ತು. ಇಂಥ ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ನೋಡುವ ಕೋಹೆನ್ ಕಪ್ಪಾ ಲೆಕ್ಕ ಹಾಕಿದರೆ ಸಿಗುವುದು 0.11. ಅಂದರೆ ಹೊಂದಾಣಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಯಾವ ಹಲ್ಲು ಫೇಲ್ ಅನ್ನುವುದರಲ್ಲೇ ಅವರಿಗೆ ಒಮ್ಮತವಿಲ್ಲ, ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ಬೇಕಾದದ್ದು ಅದೇ ತಾನೆ?

ವಿದ್ಯಾರ್ಥಿಗಳಿಂದ ಅವರದೇ ಕೆಲಸಕ್ಕೆ ಅಂಕ ಹಾಕಿಸುವುದು ಸೊಗಸಾದ ವಿಷಯ. ಆದರೆ ಹೋಲಿಸಲು ಕೊರಿಲೇಷನ್, ಅಂದರೆ ಎರಡು ಅಂಕಗಳು ಒಟ್ಟಿಗೆ ಏರಿಳಿಯುತ್ತವೆಯಾ ಎಂಬ ಅಳತೆ, ಸಾಲದು. ಎಲ್ಲರೂ ತಮಗೆ ಪರೀಕ್ಷಕರಿಗಿಂತ 2 ಅಂಕ ಜಾಸ್ತಿ ಕೊಟ್ಟುಕೊಂಡರೂ ಕೊರಿಲೇಷನ್ ಪೂರ್ತಿ 1 ಬರುತ್ತದೆ. ವ್ಯತ್ಯಾಸವನ್ನೇ ಗ್ರಾಫ್‌ನಲ್ಲಿ ಇಡುವ ಬ್ಲಾಂಡ್–ಆಲ್ಟ್‌ಮನ್ ವಿಧಾನ ಬಳಸಿ. ಕಡಿಮೆ ಬಲ್ಲವರು ತಮ್ಮನ್ನು ಜಾಸ್ತಿ ಅಂದಾಜು ಮಾಡಿಕೊಳ್ಳುತ್ತಾರೆ ಅಂತ ಕ್ರೂಗರ್ ಮತ್ತು ಡನಿಂಗ್ 1999ರಲ್ಲಿ ಬರೆದದ್ದನ್ನು ಉದಾಹರಿಸುವ ಆಸೆಯಾದರೆ, ಅದರ ಮೇಲೆ ಆಮೇಲೆ ಬಂದ ಅಂಕಿಅಂಶದ ತಕರಾರುಗಳನ್ನೂ ಓದಿ.

ಹೆಜ್ಜೆ 7: ಎಥಿಕ್ಸ್ ಬರೀ ಸಹಿಯ ಕೆಲಸವಲ್ಲ

ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ಬೇಕು. ಡೇಟಾ ತೆಗೆದ ಮೇಲೆ ಕೇಳಿದರೆ ಸಿಗುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಮಾತಿಗೆ ಬರದ ವಿಷಯ ಇನ್ನೊಂದಿದೆ: ವೈವಾದಲ್ಲಿ ಅಂಕ ಹಾಕುವವರೇ ಫಾರ್ಮ್ ಹಿಡಿದು ಕ್ಲಾಸಿಗೆ ಬಂದರೆ, "ಇಷ್ಟವಿದ್ದರೆ ಮಾತ್ರ ತುಂಬಿ" ಅನ್ನುವ ಮಾತಿಗೆ ಅರ್ಥವಿಲ್ಲ. ಫಾರ್ಮ್ ಹಂಚುವವರು, ಸಂಗ್ರಹಿಸುವವರು ಅಂಕಕ್ಕೆ ಸಂಬಂಧವಿಲ್ಲದವರಾಗಿರಲಿ.

ಹೆಸರು ಬೇಡ ಅಂದು ಇಮೇಲ್ ಕಡ್ಡಾಯ ಮಾಡಿದ ಗೂಗಲ್ ಫಾರ್ಮ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಯಸ್ಸು, ಲಿಂಗ, ವರ್ಷ, ಊರು ಎಲ್ಲ ಕೇಳಿದರೆ 50 ಜನರ ಬ್ಯಾಚ್‌ನಲ್ಲಿ ಯಾರು ಅಂತ ಹುಡುಕಲು ಎರಡು ನಿಮಿಷ ಸಾಕು. ಲೆಕ್ಕಕ್ಕೆ ಬೇಡದ್ದನ್ನು ಕೇಳಲೇಬೇಡಿ. ಮೊದಲ ಮತ್ತು ಎರಡನೇ ಫಾರ್ಮ್ ಜೋಡಿಸಬೇಕಾದರೆ ವಿದ್ಯಾರ್ಥಿಗಳೇ ಕೋಡ್ ಮಾಡಿಕೊಳ್ಳಲಿ: ತಾಯಿಯ ಹೆಸರಿನ ಮೊದಲ ಅಕ್ಷರ, ತಾವು ಹುಟ್ಟಿದ ತಾರೀಖು, ಹೀಗೆ.

ಕ್ಲಿನಿಕ್‌ನಲ್ಲಿ ಗಮನಿಸುವಾಗ ರೋಗಿಗೆ ಅಪಾಯವಾಗುವಂಥದ್ದು ಕಣ್ಣಿಗೆ ಬಿದ್ದರೆ? ಡೇಟಾ ಹಾಳಾಗುತ್ತದೆ ಅಂತ ಸುಮ್ಮನಿರುವಂತಿಲ್ಲ. ಆಗ ಏನು ಮಾಡುತ್ತೀರಿ ಅನ್ನುವುದನ್ನು ಪ್ರೋಟೋಕಾಲ್‌ನಲ್ಲೇ ಬರೆದಿಡಿ.

ಹೆಜ್ಜೆ 8: ಡೇಟಾ ತೆಗೆಯುವುದು

ಪರೀಕ್ಷೆಯ ವಾರ ಬೇಡ. ಒತ್ತಡದ ಅಧ್ಯಯನವಾದರಂತೂ ಯಾವ ವಾರ ಅಂತ ಪೇಪರ್‌ನಲ್ಲಿ ಹೇಳಲೇಬೇಕು. ಎಷ್ಟು ಜನರಿಗೆ ಕಳಿಸಿದಿರಿ, ಎಷ್ಟು ಬಂತು ಅಂತ ಲೆಕ್ಕ ಇಡಿ. ಎರಡು ಮೂರು ಸಲ ನೆನಪಿಸಿದ ಮೇಲೆ ಉತ್ತರಿಸಿದವರನ್ನು ಬೇರೆಯಾಗಿ ಗುರುತಿಸಿ. ಉತ್ತರಿಸದೇ ಉಳಿದವರು ಹೇಗಿರಬಹುದು ಅನ್ನುವುದಕ್ಕೆ ಅವರೇ ಹತ್ತಿರದ ಸುಳಿವು.

ನೋಡುತ್ತಿದ್ದಾರೆ ಅಂತ ಗೊತ್ತಾದರೆ ಎಲ್ಲರೂ ಶಿಸ್ತಾಗುತ್ತಾರೆ. ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1920ರ ದಶಕದಲ್ಲಿ ಶುರುವಾದ ಪ್ರಯೋಗಗಳಿಂದ ಇದಕ್ಕೆ ಹಾಥಾರ್ನ್ ಪರಿಣಾಮ ಎಂಬ ಹೆಸರು ಬಂತು. ಗಮನಿಸುವವರು ಕೆಲವು ದಿನ ಮೊದಲೇ ಕ್ಲಿನಿಕ್‌ಗೆ ಬಂದು ಓಡಾಡಿಕೊಂಡಿರಲಿ, ಆ ದಿನಗಳ ಡೇಟಾ ಲೆಕ್ಕಕ್ಕೆ ತಗೋಬೇಡಿ.

ಹೆಜ್ಜೆ 9: ಲೆಕ್ಕ

ಹೇಗೆ ಲೆಕ್ಕ ಹಾಕುತ್ತೀರಿ ಅಂತ ಡೇಟಾ ನೋಡುವ ಮುಂಚೆ ಬರೆದಿಡಿ. ಯಾಕಂದರೆ ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಕನಿಷ್ಠ ಒಂದರ ಪಿ ಮೌಲ್ಯವಾದರೂ (ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆ) 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಶೇ. 64. ಪ್ರತಿ ಪ್ರಶ್ನೆಗೂ ಗಂಡು–ಹೆಣ್ಣು, ವರ್ಷ–ವರ್ಷ ಅಂತ ಕೈ ಸ್ಕ್ವೇರ್ (ಗುಂಪುಗಳ ಎಣಿಕೆ ಹೋಲಿಸುವ ಅಂಕಿಅಂಶ ಪರೀಕ್ಷೆ) ಓಡಿಸಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ಏನೂ ಅಲ್ಲದಿರಬಹುದು.

ತಿರುಗಿಸಿ ಬರೆದ ಹೇಳಿಕೆಗಳ ಅಂಕವನ್ನು ಮತ್ತೆ ತಿರುಗಿಸಲು ಮರೆಯಬೇಡಿ. ಆಲ್ಫಾ ವಿಚಿತ್ರವಾಗಿ ಕಡಿಮೆ ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಒಂದೇ ವಿದ್ಯಾರ್ಥಿಯ ಮುಂಚಿನ, ಆಮೇಲಿನ ಅಂಕಕ್ಕೆ ಜೋಡಿ ಪರೀಕ್ಷೆ ಬಳಸಿ. ಹೌದು–ಇಲ್ಲ ಉತ್ತರವಾದರೆ ಮ್ಯಾಕ್‌ನೆಮರ್ ಎಂಬ ಜೋಡಿ ಪರೀಕ್ಷೆ. ಪಿ ಮೌಲ್ಯದ ಜೊತೆ ವ್ಯತ್ಯಾಸ ಎಷ್ಟು ದೊಡ್ಡದು ಅಂತಲೂ ಹೇಳಿ. 40ರಲ್ಲಿ ಒಂದು ಅಂಕ ಏರಿದ್ದಕ್ಕೆ ಯಾವ ಪಠ್ಯಕ್ರಮವೂ ಬದಲಾಗುವುದಿಲ್ಲ.

"ಯಾಕೆ" ಅನ್ನುವ ಪ್ರಶ್ನೆ ಉಳಿದರೆ ಆರೆಂಟು ಜನರ ಗುಂಪು ಕೂರಿಸಿ ಮಾತಾಡಿಸಿ. ಅದನ್ನು ಬರೆದುಕೊಂಡು, ಮತ್ತೆ ಮತ್ತೆ ಬರುವ ವಿಷಯಗಳನ್ನು ಹುಡುಕಲು ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲಿ ವಿವರಿಸಿದ ಆರು ಹಂತದ ವಿಧಾನ ಕೈಗೆ ಸುಲಭ.

ಹೆಜ್ಜೆ 10: ಬರೆಯುವುದು, ಅದಕ್ಕೂ ಮುಂಚೆ ತೋರಿಸುವುದು

ಪೇಪರ್‌ನಲ್ಲಿ ಏನೇನು ಇರಬೇಕು ಅಂತ ನೋಡಿಕೊಳ್ಳಲು, ಸರ್ವೆಗೆ ಸ್ಟ್ರೋಬ್ ಪಟ್ಟಿ ಇದೆ, 22 ಅಂಶಗಳು. ಸಂದರ್ಶನ, ಗುಂಪು ಚರ್ಚೆಗೆ ಕೋರೆಕ್, 32 ಅಂಶಗಳು. ಬರೆಯುವ ಮುಂಚೆಯೇ ಎದುರಿಗೆ ಇಟ್ಟುಕೊಳ್ಳಿ. "ವಿದ್ಯಾರ್ಥಿಗಳಲ್ಲಿ ಜಾಗೃತಿ ಮೂಡಿಸುವ ಅಗತ್ಯವಿದೆ" ಎಂಬ ಸಾಲಿನಿಂದ ಪೇಪರ್ ಮುಗಿಸಬೇಡಿ. ಅದನ್ನು ಬರೆಯಲು ಡೇಟಾನೇ ಬೇಕಿರಲಿಲ್ಲ.

ಜರ್ನಲ್‌ಗೆ ಕಳಿಸುವ ಮೊದಲು ಫಲಿತಾಂಶವನ್ನು ಆ ಬ್ಯಾಚ್‌ಗೇ ಒಮ್ಮೆ ತೋರಿಸಿ. ಯಾರ ಹೆಸರೂ ಇಲ್ಲದೆ, ಒಟ್ಟಾರೆ ಸಂಖ್ಯೆ ಮಾತ್ರ. ಗ್ಲೋವ್ಸ್ ಕೈಯಿಂದ ಡ್ರಾಯರ್ ತೆಗೆದ ಲೆಕ್ಕ ಪರದೆಯ ಮೇಲೆ ಬಂದಾಗ ಮೊದಲು ನಗು ಕೇಳಿಸುತ್ತದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿ, "ಗ್ಲೋವ್ಸ್ ಡಬ್ಬ ಇರುವುದು ಹಾಲ್‌ನ ಆ ತುದಿಯಲ್ಲಿ. ರೋಗಿ ಬಾಯಿ ತೆರೆದು ಕೂತಿರುವಾಗ ಯಾರು ಅಲ್ಲಿಯವರೆಗೆ ಹೋಗ್ತಾರೆ ಮೇಡಂ?" ಅಂತ ಕೇಳಬಹುದು. ಅದನ್ನು ಬರೆದುಕೊಳ್ಳಿ, ಹೋಗಿ ಡಬ್ಬಕ್ಕೂ ಕುರ್ಚಿಗೂ ಎಷ್ಟು ದೂರ ಅಂತ ಅಳೆಯಿರಿ, ಚರ್ಚೆಯ ಭಾಗಕ್ಕೆ ಸೇರಿಸಿ.